ಅಜ್ಜನ ಕಾರಿನ ಕೆಂಪು ಯಾವ ಕೆಂಪು?

ಪುತ್ತೂರು ಕಡೆಯ ಏಳನೇ ತರಗತಿಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದು ಮೂರು ಸಲ ಬರೆದಿದ್ದಾಳೆ. ಹಾಕುವುದಿಲ್ಲ, ಪುಟ್ಟಿ, ಹೆದರಬೇಡ.

ವಿಷಯ ಇಷ್ಟು. ಅವಳ ಅಜ್ಜನ ಹತ್ತಿರ 1996ರ ಕೆಂಪು ಮಾರುತಿ 800 ಇದೆ. ಅಜ್ಜ ಈಗ ಓಡಿಸುವುದು ಕಡಿಮೆ, ಆದರೆ ದಿನಾ ಬೆಳಿಗ್ಗೆ ಬಟ್ಟೆ ಹಿಡಿದು ಒರೆಸುವುದು ಮಾತ್ರ ತಪ್ಪಿಲ್ಲ. ಹೋದ ತಿಂಗಳು ಅಂಗಳದಲ್ಲಿ ಇವಳ ಸೈಕಲ್ ವಾಲಿ, ಬ್ರೇಕಿನ ತುದಿ ಕಾರಿನ ಎಡಬಾಗಿಲಿಗೆ ಒಂದು ಗೇಣುದ್ದ ಗೀಚಿಬಿಟ್ಟಿತು. ಅಜ್ಜ ಆಗ ಊರಲ್ಲಿರಲಿಲ್ಲ. ಕಣ್ಣಿನ ಪೊರೆಯ ಆಪರೇಷನ್‌ಗೆಂದು ಮೈಸೂರಿನ ಮಗಳ ಮನೆಗೆ ಹೋಗಿದ್ದರು, ಇನ್ನೂ ಅಲ್ಲಿಯೇ ಇದ್ದಾರೆ. ಇವಳು ಚಿಕ್ಕಪ್ಪನನ್ನು ಕಾಡಿ ಬೇಡಿ ಟಚಪ್ ಬಣ್ಣದ ಪುಟ್ಟ ಬಾಟಲಿ ತರಿಸಿಕೊಂಡಳು. ಕಾರಿನ ಬಣ್ಣದ ನಂಬರು ನೋಡಿಯೇ ತಂದದ್ದು. ಬಾಗಿಲ ತುದಿಯಲ್ಲಿ ಒಂದಿಷ್ಟು ಹಚ್ಚಿ ನೋಡಿದರೆ, ನೆರೆತ ತಲೆಗೆ ನಡುವೆ ಒಂದು ಗೆರೆ ಡೈ ಹಾಕಿದ ಹಾಗೆ! ಗೀರಿಗಿಂತ ತೇಪೆಯೇ ದೂರಕ್ಕೆ ಕಾಣುತ್ತದೆಯಂತೆ. ಅಂಗಡಿಯವರು ತಪ್ಪು ಬಣ್ಣ ಕೊಟ್ಟರೇ, ಅಜ್ಜ ಬರುವುದರೊಳಗೆ ಸರಿ ಮಾಡಬಹುದೇ, ಅವರ ಕಣ್ಣಿಗೆ ಗೊತ್ತಾಗುತ್ತದೆಯೇ – ಇವು ಅವಳ ಮೂರು ಪ್ರಶ್ನೆಗಳು.

ಮೂರನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಗೊತ್ತಾಗುತ್ತದೆ, ಮೊದಲಿಗಿಂತ ಚೆನ್ನಾಗಿಯೇ ಗೊತ್ತಾಗುತ್ತದೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟಿ ಮಬ್ಬಾಗುತ್ತದೆ. ಪೊರೆ ಬಂದವರು ಲೋಕವನ್ನೆಲ್ಲ ಹಳೆಯ ಹಳದಿ ಗಾಜಿನ ಮೂಲಕ ನೋಡಿದಂತೆ ನೋಡುತ್ತಿರುತ್ತಾರೆ. ಆ ಮಸೂರವನ್ನು ತೆಗೆದು ಹೊಸದನ್ನು ಇಟ್ಟಾಗ ಬಿಳಿ ಬಿಳಿಯಾಗಿ, ನೀಲಿ ನೀಲಿಯಾಗಿ ಕಾಣುತ್ತದೆ. ಫ್ರಾನ್ಸಿನ ಚಿತ್ರಕಾರ ಮೊನೆ 1923ರಲ್ಲಿ ಈ ಆಪರೇಷನ್ ಮಾಡಿಸಿಕೊಂಡ ಮೇಲೆ ಬಣ್ಣಗಳು ಬೇರೆಯಾಗಿ ಕಾಣುತ್ತಿವೆ ಎಂದು ಒದ್ದಾಡಿದ್ದುಂಟು. ಹಾಗಾಗಿ ಪುಟ್ಟಿ, ಅಜ್ಜ ಹೊಸ ಕಣ್ಣಿನಲ್ಲಿ ಮೊದಲು ನೋಡುವುದು ಮೊಮ್ಮಗಳ ಮುಖವನ್ನು, ಎರಡನೆಯದು ಆ ಬಾಗಿಲನ್ನು. ಇವತ್ತೇ ಫೋನು ಮಾಡಿ ಹೇಳಿಬಿಡು. ಹೇಳಿದ ಮೇಲೆ ಉಳಿಯುವುದು ಬಣ್ಣದ ಕೆಲಸ ಮಾತ್ರ, ಅದು ಮಾಡಬಹುದಾದ ಕೆಲಸ.

ಇನ್ನು ಅಂಗಡಿಯವರ ವಿಷಯ. ಅವರು ಕೊಟ್ಟ ಬಣ್ಣ ಬಹುಮಟ್ಟಿಗೆ ಸರಿಯಾಗಿಯೇ ಇರಬೇಕು. ಕಾರ್ಖಾನೆ ಪ್ರತಿ ಬಣ್ಣಕ್ಕೂ ಒಂದು ಸಂಕೇತ ಕೊಟ್ಟಿರುತ್ತದೆ. ಬಾನೆಟ್ ಎತ್ತಿದರೆ ಒಳಗಿರುವ ತಗಡಿನ ಪಟ್ಟಿಯ ಮೇಲೋ, ಡ್ರೈವರ್ ಬಾಗಿಲಿನ ಕಂಬದ ಮೇಲೋ ಅದು ಇರುತ್ತದೆ. ಆದರೆ ಆ ಸಂಕೇತ ಹೇಳುವುದು 1996ರಲ್ಲಿ ಕಾರು ಕಾರ್ಖಾನೆಯ ಬಾಗಿಲು ದಾಟಿದ ದಿನದ ಬಣ್ಣವನ್ನು. ಆಮೇಲಿನ ಬಿಸಿಲು ಯಾವ ಪಟ್ಟಿಯ ಮೇಲೂ ಬರೆದಿಲ್ಲ.

ನಂಬಿಕೆ ಬಾರದಿದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹತ್ತು ವರ್ಷ ದಾಟಿದ ಕಾರು ಇದ್ದರೆ ಪೆಟ್ರೋಲ್ ಹಾಕುವ ಮುಚ್ಚಳ ತೆರೆದು, ಒಳಬದಿಯ ಬಣ್ಣವನ್ನೂ ಹೊರಬದಿಯ ಬಣ್ಣವನ್ನೂ ಒಟ್ಟಿಗೆ ನೋಡಿ. ಬಾಗಿಲಿನ ರಬ್ಬರು ಬೀಡಿಂಗ್ ಅಡಿಯಲ್ಲೂ ನೋಡಬಹುದು. ಬಿಸಿಲು ಕಾಣದ ಜಾಗದಲ್ಲಿ ಹೊಸ ಕಾರಿನ ಬಣ್ಣ ಇನ್ನೂ ಅಡಗಿ ಕುಳಿತಿರುತ್ತದೆ. ಪುತ್ತೂರಿನ ಹುಡುಗಿಯ ಬಾಟಲಿ ಆ ಒಳಬದಿಗೆ ಸರಿಯಾಗಿ ಹೊಂದಿದರೆ ಅಂಗಡಿಯವರ ಮೇಲೆ ದೂರು ಇಲ್ಲ.

ಇಲ್ಲಿ ಮಾಸುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಇದನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬಣ್ಣವೆಂದರೆ ಮುಖ್ಯವಾಗಿ ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಟ್ಟುಕೊಳ್ಳುವ ಅಂಟು. ಬಿಸಿಲಿನ ನೇರಳಾತೀತ ಕಿರಣ, ಮಳೆ, ಗಾಳಿಯ ಆಮ್ಲಜನಕ ಸೇರಿ ಮೊದಲು ಮೇಲ್ಪದರದ ಅಂಟನ್ನು ತಿನ್ನುತ್ತವೆ. ಅಂಟು ಹೋದ ಜಾಗದಲ್ಲಿ ಪುಡಿ ಸಡಿಲವಾಗಿ ನಿಲ್ಲುತ್ತದೆ. ಹಳೆಯ ಕಾರಿನ ಬಾನೆಟ್ ಮೇಲೆ ಕೈಯಾಡಿಸಿದರೆ ಬೆರಳಿಗೆ ಸೀಮೆಸುಣ್ಣದಂತೆ ಹತ್ತುವುದು ಇದೇ. ಈ ಒರಟು ಮೇಲ್ಮೈ ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಕೆಂಪಿನ ಮೇಲೆ ಬಿಳಿ ಮಂಜು ಹಾಸಿದಂತೆ ಕಾಣುತ್ತದೆ. ಕೆಳಗಿನ ಬಣ್ಣ ಕೆಟ್ಟಿರುವುದಿಲ್ಲ, ಮುಸುಕು ಹಾಕಿಕೊಂಡಿರುತ್ತದೆ ಅಷ್ಟೆ. ಹಳೆಯ ಮನೆಗಳ ಕೆಂಪು ಗಾರೆಯ ನೆಲ ನೆನಪು ಮಾಡಿಕೊಳ್ಳಿ. ಒಣಗಿದಾಗ ಮಂಕು, ಒದ್ದೆ ಬಟ್ಟೆ ಎಳೆದ ಕೂಡಲೇ ಗಾಢ ಕೆಂಪು. ನೀರು ಸಣ್ಣ ತಗ್ಗುಗಳನ್ನು ತುಂಬಿ ಮೇಲ್ಮೈಯನ್ನು ನಯ ಮಾಡುತ್ತದೆ, ಚದುರುವ ಬೆಳಕು ಕಡಿಮೆಯಾಗುತ್ತದೆ.

ಎರಡನೆಯದು ಬಣ್ಣದ ಪುಡಿಯೇ ಸಾಯುವುದು. ಕೆಂಪು ವಸ್ತು ಕೆಂಪಾಗಿ ಕಾಣುವುದು ಅದು ನೀಲಿ, ಹಸಿರು ಬೆಳಕನ್ನು ನುಂಗಿ ಕೆಂಪನ್ನು ಮಾತ್ರ ಹಿಂದಕ್ಕೆ ಕೊಡುವುದರಿಂದ. ನೀಲಿ ಬೆಳಕಿನಲ್ಲಿ ಶಕ್ತಿ ಹೆಚ್ಚು. ದಿನವಿಡೀ ಅದನ್ನು ನುಂಗುತ್ತ, ಜೊತೆಗೆ ನೇರಳಾತೀತ ಕಿರಣದ ಏಟು ತಿನ್ನುತ್ತ, ಹೊಳಪುಕೆಂಪಿನ ಇಂಗಾಲದ ಅಣುಗಳು ನಿಧಾನವಾಗಿ ಮುರಿಯುತ್ತವೆ. ಮುರಿದ ಅಣುವಿಗೆ ಬಣ್ಣ ಇಲ್ಲ. ಇದಕ್ಕೆ ಯಾವ ಪಾಲಿಶ್ ಹಾಕಿದರೂ ಬಣ್ಣ ಮರಳಿ ಬರುವುದಿಲ್ಲ.

ಹಾಗಾದರೆ ಮಂಗಳೂರು ಹೆಂಚು ಯಾಕೆ ಮಾಸುವುದಿಲ್ಲ ಎಂದು ಕೇಳುವ ಮಕ್ಕಳು ಇದ್ದೇ ಇರುತ್ತೀರಿ. ಒಳ್ಳೆಯ ಪ್ರಶ್ನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಂಥ ಹಳೆಯ ಹೆಂಚುಗಳು ಪಾಚಿ ಹಿಡಿದು ಕಪ್ಪಾಗಬಹುದು, ಆದರೆ ಉಜ್ಜಿ ತೊಳೆದರೆ ಒಳಗೆ ಅದೇ ಕೆಂಪು. ಯಾಕೆಂದರೆ ಆ ಕೆಂಪು ಕಬ್ಬಿಣದ ಆಕ್ಸೈಡ್, ನಮ್ಮ ಕೆಂಪು ಮಣ್ಣಿನದೂ ಅದೇ. ಅದು ಆಗಲೇ ತುಕ್ಕಾಗಿ ಮುಗಿದ ವಸ್ತು, ಬಿಸಿಲು ಅದನ್ನು ಇನ್ನೇನು ಮಾಡೀತು? ಆದರೆ ಅದರಲ್ಲಿ ಕುಂಕುಮದ ಝಳಪು ಬರುವುದಿಲ್ಲ. ಕಾರು ಕೊಳ್ಳುವವರಿಗೆ ಝಳಪು ಬೇಕು. ಅದಕ್ಕೆ ಬೇರೆ ಬಣ್ಣದ ಪುಡಿ ಬೇಕು, ಹಿಂದಿನ ಕಾಲದ ಅಂಥ ಪುಡಿಗಳಲ್ಲಿ ಬಿಸಿಲಿಗೆ ಸೋಲುತ್ತಿದ್ದವೇ ಬಹಳ. ನಮ್ಮ ರಸ್ತೆಗಳಲ್ಲಿ ಗುಲಾಬಿಯಾಗಿ ಹೋದ ಹಳೆಯ ಕೆಂಪು ಕಾರುಗಳು ಕಾಣುವಷ್ಟು ಬಿಳಿಚಿದ ನೀಲಿ ಕಾರುಗಳು ಕಾಣುವುದಿಲ್ಲ, ಗಮನಿಸಿ.

ಈಗ ಅಜ್ಜನ ಕಾರಿಗೆ ಬಂದಿರುವುದು ಮುಸುಕೋ, ಸಾವೋ? ಪರೀಕ್ಷೆ ಬಹಳ ಸುಲಭ. ಬಾಗಿಲನ್ನು ತೊಳೆದು ಒರೆಸಿ, ಗೀರಿನಿಂದ ದೂರ ಒಂದು ಅಂಗೈ ಜಾಗಕ್ಕೆ ಎರಡು ಹನಿ ತೆಂಗಿನೆಣ್ಣೆ ಸವರಿ. ಆ ಜಾಗ ತಟ್ಟನೆ ಗಾಢವಾಗಿ, ಬಾಟಲಿಯ ಬಣ್ಣಕ್ಕೆ ಹತ್ತಿರ ಬಂದರೆ ಅದು ಮುಸುಕು. ಎಣ್ಣೆ ಹಾಕಿದರೂ ಬಿಳಿಚಿಕೊಂಡೇ ಇದ್ದರೆ ಪುಡಿಯೇ ಹೋಗಿದೆ. ಆಮೇಲೆ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು, ಎಣ್ಣೆಯ ಪಸೆ ಇದ್ದಲ್ಲಿ ಬಣ್ಣ ಕೂರುವುದಿಲ್ಲ.

ಮುಸುಕು ಎಂದಾದರೆ ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಗುರವಾಗಿ ತಿಕ್ಕುವುದು. ಬಟ್ಟೆ ಕೆಂಪಾದರೆ ಗಾಬರಿ ಬೇಡ. ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇಲ್ಲ, ಬಣ್ಣವೇ ಮೇಲಿನ ಪದರ ಎಂದು ಅರ್ಥ. ಆ ಕಾಲದ ಕೆಂಪು, ಬಿಳಿಯಂಥ ಸಾದಾ ಬಣ್ಣಗಳಲ್ಲಿ ಇದು ಸಾಮಾನ್ಯ. ಬಟ್ಟೆಗೆ ಬಣ್ಣ ಹತ್ತದಿದ್ದರೆ ಮೇಲೆ ಪಾರದರ್ಶಕ ಪದರ ಇದೆ. ಆ ಪದರವೇ ಹೊಪ್ಪಳಿಕೆ ಏಳುತ್ತಿದ್ದರೆ ಮಾತ್ರ ತಿಕ್ಕಿ ಪ್ರಯೋಜನವಿಲ್ಲ. ಹೇಗೇ ಆದರೂ ಮಿತಿ ಇರಲಿ. ಕಾರಿನ ಮೇಲಿನ ಎಲ್ಲ ಪದರಗಳೂ ಸೇರಿ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಮೂಲೆ, ಏಣುಗಳಲ್ಲಿ ಜೋರಾಗಿ ತಿಕ್ಕಿದರೆ ತಗಡು ಕಂಡುಬಿಡುತ್ತದೆ. ಟೂತ್‌ಪೇಸ್ಟ್ ಹಾಕಿ ತಿಕ್ಕಿ ಎನ್ನುವವರೂ ಇದ್ದಾರೆ. ಅದರಲ್ಲೂ ನುಣ್ಣನೆಯ ಪುಡಿ ಇರುವುದು ನಿಜ. ಹಲ್ಲಿಗೆಂದು ಮಾಡಿದ್ದನ್ನು ಹಲ್ಲಿಗೇ ಬಿಡಿ ಎಂಬುದು ನನ್ನ ಅಭಿಪ್ರಾಯ.

ಅಜ್ಜನ ಕಾರು ದಿನಾ ಬಟ್ಟೆ ಕಂಡ ಕಾರು, ಮನೆಯ ಜಗಲಿಯ ನೆರಳಿನಲ್ಲಿ ನಿಂತದ್ದು ಎಂದು ಹುಡುಗಿ ಬರೆದಿದ್ದಾಳೆ. ಬಾಗಿಲಿನ ಮಟ್ಟಿಗೆ ಹೆಚ್ಚಿನ ಪಾಲು ಮುಸುಕೇ ಇರಬೇಕೆಂದು ನನ್ನ ಅಂದಾಜು. ಬಾನೆಟ್ ಮತ್ತು ತಲೆ ನೇರ ಬಿಸಿಲು ತಿನ್ನುವ ಜಾಗಗಳು, ಅವುಗಳ ಕಥೆ ಬೇರೆ. ಗ್ಯಾರೇಜಿನವರು ಪೆಟ್ರೋಲ್ ಮುಚ್ಚಳವನ್ನೇ ಬಿಚ್ಚಿಕೊಂಡು ಬಣ್ಣದ ಅಂಗಡಿಗೆ ಮಾದರಿಯಾಗಿ ಒಯ್ಯುವುದುಂಟು, ಒಳ್ಳೆಯ ಉಪಾಯ. ಆದರೆ ಆ ಮುಚ್ಚಳ ಇರುವುದು ಕಾರಿನ ಪಕ್ಕೆಯಲ್ಲಿ. ಅದಕ್ಕೆ ಹೊಂದಿದ ಬಣ್ಣ ಬಾಗಿಲಿಗೆ ಹೊಂದೀತು, ಬಾನೆಟ್‌ಗೆ ಹೊಂದುತ್ತದೆ ಎಂದು ನಂಬಬೇಡಿ.

ಪಾಲಿಶ್ ಆದ ಮೇಲೂ ಬಾಟಲಿಯ ಕೆಂಪು ಒಂದು ಕೂದಲು ಹೆಚ್ಚೇ ಇದ್ದರೆ? ಆಗ ಬಣ್ಣ ಬೆರೆಸಬೇಕು. ಇದು ದೊಡ್ಡವರ ಕೆಲಸ. ಥಿನ್ನರಿನ ಆವಿ ಮಕ್ಕಳಿಗೆ ಒಳ್ಳೆಯದಲ್ಲ, ಗಟ್ಟಿಗೊಳಿಸುವ ದ್ರವ ಸೇರಿಸುವ ಪಿ.ಯು. ಬಣ್ಣವನ್ನು ಸ್ಪ್ರೇ ಮಾಡುವಾಗಲಂತೂ ಆ ಹಬೆಯಿಂದ ಉಬ್ಬಸ ಬರಬಹುದು, ಹತ್ತಿರವೂ ಸುಳಿಯಬಾರದು. ಚಿಕ್ಕಪ್ಪ ಬೆರೆಸಲಿ, ನೀನು ದೂರ ನಿಂತು ಬಣ್ಣ ನೋಡಿ ಹೇಳು.

ಕೆಂಪು ಬಿಳಿಚಿದೆ ಎಂದು ಬಿಳಿ ಸುರಿದುಬಿಡುವುದು ಎಲ್ಲರೂ ಮೊದಲು ಮಾಡುವ ಕೆಲಸ. ಬಿಳಿ ಬೆರೆತ ಕೆಂಪು ಬರೀ ತಿಳಿಯಾಗುವುದಿಲ್ಲ, ಸ್ವಲ್ಪ ನೀಲಿಯ ಕಡೆ ವಾಲಿ ಗುಲಾಬಿಯಾಗುತ್ತದೆ. ಅದನ್ನು ಹಿಂದಕ್ಕೆ ಎಳೆಯಲು ಹಳದಿ ಅಥವಾ ಕಿತ್ತಳೆಯ ಒಂದು ಚೂರು ಬೇಕು. ಚೂರು ಎಂದರೆ ಬೆಂಕಿಕಡ್ಡಿಯ ತುದಿಯಲ್ಲಿ ಹತ್ತಿದಷ್ಟು. ಇನ್ನು ಮಂಕು ಮಾಡಲು ಕಪ್ಪು ಹಾಕಿದರೆ ಕೆಂಪು ಕಂದಾಗಿ ಹೋಗುತ್ತದೆ. ಕಪ್ಪಿನ ಚೇಷ್ಟೆ ನೋಡಬೇಕಿದ್ದರೆ ಶಾಲೆಯ ವಾಟರ್‌ಕಲರ್ ಡಬ್ಬಿ ತೆಗೆದು ಹಳದಿಗೆ ಒಂದು ಹನಿ ಕಪ್ಪು ಸೇರಿಸಿ. ಕೊಳಕು ಹಳದಿ ಬರುತ್ತದೆಂದು ಕಾಯುತ್ತೀರಿ, ಬರುವುದು ಆಲಿವ್ ಹಸಿರು! ಬಣ್ಣದ ಅಂಗಡಿಯವರು ತಕ್ಕಡಿಯಲ್ಲಿ ಗ್ರಾಮಿನ ಹತ್ತನೇ ಭಾಗದ ಲೆಕ್ಕದಲ್ಲಿ ತೂಗಿ ಹಾಕುವುದು ಸುಮ್ಮನೆ ಅಲ್ಲ. ಮೊದಲು ಗಾಢ ಎಷ್ಟು, ತಿಳಿ ಎಷ್ಟು ಎಂಬುದನ್ನು ಸರಿ ಮಾಡಿಕೊಂಡು, ಆಮೇಲೆ ಹಳದಿಗೆ ವಾಲಬೇಕೋ ನೀಲಿಗೋ ಎಂದು ನೋಡುವುದು ಕೈಪಳಗಿದವರ ಕ್ರಮ. ದೊಡ್ಡ ಅಂಗಡಿಗಳಲ್ಲಿ ಬಣ್ಣವನ್ನು ಅಳೆಯುವ ಯಂತ್ರವೂ ಇರುತ್ತದೆ. ಅದನ್ನು ಬಾಗಿಲಿಗೆ ಒತ್ತಿ ಹಿಡಿದರೆ ಯಾವ ಯಾವ ಬೆಳಕು ಎಷ್ಟೆಷ್ಟು ಹಿಂದಿರುಗಿತು ಎಂದು ಅಂಕೆಯಲ್ಲಿ ಹೇಳುತ್ತದೆ. ಯಂತ್ರ ಹತ್ತಿರಕ್ಕೆ ತಂದು ಬಿಡುತ್ತದೆ, ಕೊನೆಯ ಎರಡು ಹನಿ ಈಗಲೂ ಕಣ್ಣಿನ ಕೆಲಸ.

ಬೆರೆಸಿದ್ದನ್ನು ನೇರವಾಗಿ ಕಾರಿಗೆ ಹಚ್ಚಬೇಡಿ. ಒಂದು ಹಳೆಯ ಮದುವೆ ಕಾಗದದ ದಪ್ಪ ತುಂಡಿಗೆ ಹಚ್ಚಿ, ಪೂರ್ತಿ ಒಣಗಲು ಬಿಡಿ. ಹಸಿಯಿದ್ದಾಗಿನ ಬಣ್ಣ ಬೇರೆ, ಒಣಗಿದ ಮೇಲೆ ಬೇರೆ. ಆಮೇಲೆ ನಡುವೆ ಪಂಚ್‌ನಿಂದ ಒಂದು ತೂತು ಮಾಡಿ ಬಾಗಿಲ ಮೇಲೆ ಇಟ್ಟು ನೋಡಿ. ತೂತಿನಲ್ಲಿ ಕಾಣುವುದು ಕಾರಿನ ಬಣ್ಣ, ಸುತ್ತ ಕಾಣುವುದು ನಿಮ್ಮ ಬಣ್ಣ. ತೂತು ಎದ್ದು ಕಾಣದೆ ಮಾಯವಾದರೆ ಗೆದ್ದಿರಿ.

ಯಾವ ಬೆಳಕಿನಲ್ಲಿ ನೋಡುತ್ತೀರಿ ಎನ್ನುವುದೂ ಮುಖ್ಯ. ಇದನ್ನು ಅಮ್ಮಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸೀರೆಗೆ ಬ್ಲೌಸ್ ಪೀಸ್ ಹುಡುಕಲು ಮ್ಯಾಚಿಂಗ್ ಸೆಂಟರಿಗೆ ಹೋದಾಗ, ಕೌಂಟರಿನಲ್ಲಿ ಎಷ್ಟೇ ಚೆನ್ನಾಗಿ ಹೊಂದಿದರೂ ಎರಡನ್ನೂ ಹಿಡಿದು ಬಾಗಿಲಾಚೆ ಬಿಸಿಲಿಗೆ ಬಂದು ನೋಡುತ್ತಾರಲ್ಲ, ಅದು ಶುದ್ಧ ಬೆಳಕಿನ ವಿಜ್ಞಾನ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರೇ ಬಗೆಯವು. ಬೇರೆ ಬೇರೆ ಪುಡಿಗಳಿಂದ ಮಾಡಿದ ಎರಡು ಕೆಂಪುಗಳು ಟ್ಯೂಬ್‌ಲೈಟಿನಲ್ಲಿ ಆ ಮೂರನ್ನೂ ಒಂದೇ ರೀತಿ ತಟ್ಟಿ ಅವಳಿಗಳಂತೆ ಕಾಣಬಹುದು. ಸೂರ್ಯನ ಬೆಳಕಿನ ಮಿಶ್ರಣ ಬೇರೆ, ಅಲ್ಲಿ ಅವಳಿಗಳ ಗುಟ್ಟು ಬಯಲಾಗುತ್ತದೆ. ಕಾರಿಗೂ ಹಾಗೆಯೇ: ನೇರ ಬಿಸಿಲಲ್ಲಿ ಒಮ್ಮೆ, ತೆರೆದ ಆಕಾಶದ ಕೆಳಗಿನ ನೆರಳಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಮಾವಿನ ಮರದ ಕೆಳಗೆ ಬೇಡ, ಎಲೆಯ ಹಸಿರು ಬೆಳಕು ಕೆಂಪನ್ನು ಕೆಡಿಸುತ್ತದೆ. ಕೆಂಪು ಗಾರೆಯ ಅಂಗಳವೂ ಬೇಡ. ಎಲ್ಲದರಲ್ಲೂ ಹೊಂದಲಿಲ್ಲವೆಂದರೆ ಹಗಲಿನ ನೆರಳಿನಲ್ಲಿ ಹೊಂದಿದ್ದನ್ನು ಆರಿಸಿಕೊಳ್ಳಿ, ಅಜ್ಜ ಕಾರು ಒರೆಸುವುದು ಬೆಳಿಗ್ಗೆಯಲ್ಲವೇ.

ಈಗ ಗೀರಿಗೆ ಬರೋಣ. ಇದನ್ನು ಬಹಳ ದಿನ ಹಾಗೆಯೇ ಬಿಡಬಾರದು. ದಕ್ಷಿಣ ಕನ್ನಡದ ಗಾಳಿಯಲ್ಲಿ ತೇವ ಹೆಚ್ಚು, ಕಡಲ ಹತ್ತಿರದ ಮಂಗಳೂರು, ಉಡುಪಿಯಲ್ಲಾದರೆ ಉಪ್ಪು ಬೇರೆ. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡು. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಲ್ಲೇ ಹೋದೀತು. ಸಿಕ್ಕಿಕೊಂಡು ಒಳಗೆ ಬೂದುಬಣ್ಣ ಕಂಡರೆ ಅದು ಪ್ರೈಮರ್. ಹೊಳೆಯುವ ತಗಡು ಅಥವಾ ಕಂದು ಚುಕ್ಕೆ ಕಂಡರೆ ತುಕ್ಕಿನ ಕೆಲಸ ಶುರುವಾಗಿದೆ. ಮೊದಲು ನುಣುಪು ವಾಟರ್ ಪೇಪರಿನ ಚೂರಿನಿಂದ ತುಕ್ಕು ತೆಗೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ತುಕ್ಕಿನ ಮೇಲೆ ಎಷ್ಟು ಚೆಂದದ ಬಣ್ಣ ಬಳಿದರೂ ಒಳಗಿಂದ ಗುಳ್ಳೆ ಎದ್ದು ಬರುತ್ತದೆ.

ನೀನು ಈಗಾಗಲೇ ಹಚ್ಚಿದ ತೇಪೆ ದಪ್ಪವಾಗಿದ್ದರೆ ಚಿಕ್ಕಪ್ಪ 2000 ನಂಬರಿನ ವಾಟರ್ ಪೇಪರನ್ನು ಸೋಪಿನ ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ ಸಮ ಮಾಡಲಿ. ಬಾಟಲಿಯ ಜೊತೆ ಬರುವ ಬ್ರಷ್ಷನ್ನು ಎಸೆದುಬಿಡಿ, ಅದು ನೇಲ್ ಪಾಲಿಶ್ ಹಚ್ಚುವಷ್ಟು ದಪ್ಪ. ಹಲ್ಲುಕಡ್ಡಿಯ ತುದಿ, ಅಥವಾ ಚಿತ್ರ ಬಿಡಿಸುವ ಸೊನ್ನೆ ನಂಬರಿನ ಕುಂಚ ಸಾಕು. ಬಣ್ಣ ಗೀರಿನ ಕಾಲುವೆಯೊಳಗೆ ಮಾತ್ರ ಇಳಿಯಬೇಕು, ದಡ ದಾಟಬಾರದು. ಒಣಗುವಾಗ ಥಿನ್ನರು ಹಾರಿಹೋಗಿ ಬಣ್ಣ ಕುಗ್ಗುತ್ತದೆ, ಆದ್ದರಿಂದ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಮೂರು ನಾಲ್ಕು ಸಲ. ಬಿಸಿಲಲ್ಲಿ ಕಾದ ತಗಡಿಗೂ ಬೇಡ, ಮಳೆಗಾಲದ ತೇವದಲ್ಲೂ ಬೇಡ. ಕಾಲುವೆ ತುಂಬಿ ಒಂದಿಷ್ಟು ಉಬ್ಬಿದ ಮೇಲೆ ಕೆಲವು ದಿನ ಗಟ್ಟಿಯಾಗಲು ಬಿಟ್ಟು, ಅದೇ 2000 ನಂಬರಿನ ಪೇಪರಿನಿಂದ ಸಮ ಮಾಡಿ ಪಾಲಿಶ್ ಹಾಕಿದರೆ ಆಯಿತು.

ತೇಪೆ ಸಣ್ಣದಾದಷ್ಟೂ ಬಣ್ಣದ ತಪ್ಪು ಮಾಫಿ. ದೊಡ್ಡ ಜಾಗಕ್ಕೆ ಸ್ಪ್ರೇ ಮಾಡುವ ಪೇಂಟರುಗಳು ಹೊಸ ಬಣ್ಣವನ್ನು ಒಂದು ಗೆರೆಯಲ್ಲಿ ನಿಲ್ಲಿಸದೆ ಹಳೆಯದರ ಮೇಲೆ ತೆಳುವಾಗುತ್ತ ಹೋಗುವಂತೆ ಬಿಡುತ್ತಾರೆ. ನಮ್ಮ ಕಣ್ಣು ಅಂಚು ಹಿಡಿಯುವುದರಲ್ಲಿ ಬಲು ಚುರುಕು, ಅಂಚಿಲ್ಲದಿದ್ದರೆ ಅಷ್ಟೇ ಮಂದ. ಚೂರೇ ವ್ಯತ್ಯಾಸ ಇರುವ ಎರಡು ಕೆಂಪು ಕಾಗದಗಳನ್ನು ತಾಗಿಸಿ ಇಟ್ಟು ನೋಡಿ, ಆಮೇಲೆ ನಡುವೆ ಒಂದು ಗೇಣು ಜಾಗ ಬಿಟ್ಟು ನೋಡಿ. ಎರಡನೇ ಸಲ ಎರಡೂ ಒಂದೇ ಎಂದು ಆಣೆ ಮಾಡುತ್ತೀರಿ.

ಗೀರು ಆಳವಿದ್ದರೆ ಗ್ಯಾರೇಜಿಗೆ ಹೋಗಬೇಕಾದೀತು. ಅಲ್ಲಿ ಇಡೀ ಗಾಡಿಗೆ ಹೊಸ ಬಣ್ಣ ಹೊಡೆಸಿಬಿಡಿ ಎಂಬ ಸಲಹೆ ಬಂದರೆ ಅಜ್ಜನನ್ನು ಕೇಳದೆ ಒಪ್ಪಬೇಡಿ. ಸುಮಾರು ಮೂವತ್ತು ವರ್ಷ ಕಾರ್ಖಾನೆಯ ಬಣ್ಣದಲ್ಲೇ ಉಳಿದ ಕಾರು ಈಗ ಅಪರೂಪ. ಬೇರೆ ಬಣ್ಣವನ್ನೇ ಹೊಡೆಸುವುದಾದರೆ ಆರ್.ಟಿ.ಓ.ಗೂ ತಿಳಿಸಬೇಕು, ಆರ್.ಸಿ.ಯಲ್ಲಿ ಕಾರಿನ ಬಣ್ಣ ಬರೆದಿರುತ್ತದೆ. ಗೀರು ಮುಚ್ಚುವುದಕ್ಕೆ ಅದೆಲ್ಲ ಬೇಡ.

ಹೊಸ ಕಾರಿನವರಿಗೂ ಎರಡು ಮಾತು. ಮಿನುಗುವ ಮೆಟಾಲಿಕ್ ಬಣ್ಣದೊಳಗೆ ಅಲ್ಯೂಮಿನಿಯಂನ ಪುಟ್ಟ ಪುಟ್ಟ ತಗಡುಗಳಿರುತ್ತವೆ. ಕಾರ್ಖಾನೆಯ ಸ್ಪ್ರೇಯಲ್ಲಿ ಅವು ಚಾಪೆ ಹಾಸಿದಂತೆ ಮಲಗುತ್ತವೆ, ಕುಂಚದಲ್ಲಿ ಹಚ್ಚಿದರೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಎದುರಿನಿಂದ ಹೊಂದಿದ್ದು ಓರೆಯಿಂದ ಬೇರೆಯಾಗಿ ಕಾಣುವುದು ಅದಕ್ಕೇ. ಅಲ್ಲಿ ಕೈಯಲ್ಲಿ ಹಚ್ಚಿ ಪೂರ್ತಿ ಹೊಂದಿಸುವ ಆಸೆ ಬಿಡಿ, ತುಕ್ಕು ತಡೆದರೆ ಸಾಕು. ಮತ್ತೆ, ಹೊಸ ಕಾರಿನ ಬಂಪರ್ ಬಣ್ಣ ಬಾಗಿಲಿಗಿಂತ ಬೇರೆ ಕಾಣುತ್ತದೆ, ಮೋಸವೇ ಎಂದು ತುಮಕೂರಿನ ಓದುಗರೊಬ್ಬರು ಕೇಳಿದ್ದರು. ಮೋಸವಲ್ಲ. ತಗಡಿನ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಬಂಪರು ಆ ಬಿಸಿಗೆ ಸೊಟ್ಟಗಾಗುವುದರಿಂದ ಅದಕ್ಕೆ ಬೇರೆ ಬಣ್ಣ, ಕಡಿಮೆ ಶಾಖ, ಎಷ್ಟೋ ಸಲ ಬೇರೆಯೇ ಕಾರ್ಖಾನೆ.

ಪುಟ್ಟಿ, ಕೆಲಸ ಮುಗಿದ ಮೇಲೆ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ತಂಪು ಜಾಗದಲ್ಲಿಡು. ಎಷ್ಟು ಹನಿ ಕೆಂಪಿಗೆ ಎಷ್ಟು ಬಿಳಿ, ಎಷ್ಟು ಹಳದಿ ಸೇರಿಸಿದಿರಿ, ಯಾವ ತಿಂಗಳು ಎಂದು ಅದರ ಮೇಲೆ ಬರೆದಿಡು. ಅಜ್ಜ ಬಂದ ಮೇಲೆ ಬಲಗಡೆಯ ಬಾಗಿಲನ್ನೂ ಪಾಲಿಶ್ ಮಾಡೋಣ ಎಂದು ಹೊರಡದೆ ಇರುವುದಿಲ್ಲ. ಆಗ ಬೇಕಾಗುತ್ತದೆ.